ನೀವು ಕೇಳಿದ್ದು: ಹಳೆ ಜೀಪಿನ ಸೈಡ್ ಕನ್ನಡಿ ಯಾಕೆ ನಿಲ್ಲುದಿಲ್ಲ?

ಮಳೆ ಸ್ವಲ್ಪ ಬಿಟ್ಟದ್ದೇ ತಡ, ಕನ್ನಡಿ ಪ್ರಶ್ನೆಗಳು ಬರ್ಲಿಕ್ಕೆ ಶುರು. ಈ ಸಲ ಇಂಜಿನ್ನಿಂದು ಬ್ರೇಕಿಂದು ಎಲ್ಲ ಮುಂದಿನ ಸಂಚಿಕೆಗೆ ಇಟ್ಟು ಬರೀ ಕನ್ನಡಿದ್ದನ್ನೇ ತಗೊಂಡಿದ್ದೇನೆ. ಯಾಕೆಂದ್ರೆ ಹಳೆ ಜೀಪು, ಜಿಪ್ಸಿ ಇಟ್ಟುಕೊಂಡವರು ಇಂಜಿನ್ನಿಗೆ ಸಾವಿರಗಟ್ಟಲೆ ಹಾಕ್ತಾರೆ, ಟಯರಿಗೆ ಹಾಕ್ತಾರೆ, ಕನ್ನಡಿ ಅಲ್ಲಾಡಿದ್ರೆ ಮಾತ್ರ ಕೈಯಲ್ಲಿ ಒಮ್ಮೆ ಸರಿ ಮಾಡಿ ಹಾಗೇ ಓಡಿಸ್ತಾರೆ. ಸುರತ್ಕಲ್ ದಾಟಿ ಮೂಲ್ಕಿ ಕಡೆ ಹೋಗುವಾಗ ಹಿಂದಿಂದ ಎಕ್ಸ್‌ಪ್ರೆಸ್ ಬಸ್ಸು ಬರುದು ಗೊತ್ತಾಗ್ಲಿಕ್ಕೆ ನಮಗಿರುದು ಆ ಎರಡು ಕನ್ನಡಿ ಮಾತ್ರ, ಅದನ್ನು ಸಸಾರ ಮಾಡ್ಬಾರ್ದು.

ಪ್ರಶ್ನೆ: ನನ್ನ ಹತ್ರ 1994ರ ಮಹೀಂದ್ರ ಎಂಎಂ 540 ಉಂಟು, ಅಪ್ಪ ತಗೊಂಡದ್ದು. ಕನ್ನಡಿ ಎರಡೂ ವಿಂಡ್‌ಶೀಲ್ಡ್ ಫ್ರೇಮಿನ ಬದಿಯ ಬ್ರಾಕೆಟಿಗೆ ಉದ್ದ ರಾಡಲ್ಲಿ ಕೂತದ್ದು. ಬಲದ್ದು 50 ದಾಟಿದ ಕೂಡ್ಲೆ ಮೆಲ್ಲ ಹಿಂದೆ ತಿರುಗಿ ಬಾಗಿಲನ್ನೇ ತೋರಿಸ್ತದೆ. ಎಡದ್ದು ತಿರುಗುದಿಲ್ಲ, ಆದ್ರೆ ಯಾವಾಗ್ಲೂ ಅದುರಿ ಅದುರಿ ಹಿಂದೆ ಬರುದು ಬಸ್ಸಾ ಬೈಕಾ ಅಂತ ಗೊತ್ತಾಗುದಿಲ್ಲ. ಮೂರು ಸಲ ಟೈಟ್ ಮಾಡಿಸಿದೆ, ವಾರದಲ್ಲಿ ಪುನಃ ಅದೇ ಕತೆ. ಗ್ಯಾರೇಜಿನವರು ಈಗ ವೆಲ್ಡ್ ಹೊಡೆದು ಬಿಡುವ ಅಂತಾರೆ. ಹೊಡೆಸ್ಲಾ?
— ಶಿರ್ವದ ಒಬ್ಬರು ಓದುಗರು

ಉತ್ತರ: ಬೇಡ ಮಾರಾಯ್ರೆ, ವೆಲ್ಡ್ ಮಾತ್ರ ಹೊಡೆಸ್ಬೇಡಿ. ಯಾಕೆ ಅಂತ ಆಮೇಲೆ ಹೇಳ್ತೇನೆ, ಮೊದಲು ನಿಮ್ಮದು ಎರಡು ಬೇರೆ ಬೇರೆ ಕಾಯಿಲೆ ಅಂತ ಗೊತ್ತಾಗ್ಬೇಕು. ಬಲದ್ದು ತಿರುಗುದು, ಎಡದ್ದು ಅದುರುದು. ಎರಡಕ್ಕೂ ಒಂದೇ ಮದ್ದು, ಅದೂ ಬರೀ ಸ್ಪ್ಯಾನರ್ ಹಾಕಿ ಬಿಗಿಯುದು, ಮೂರು ಸಲ ಮಾಡಿಸಿದ್ದೀರಿ, ಅದಕ್ಕೇ ಮೂರು ಸಲವೂ ಸುಸೂತ್ರ ಆಗ್ಲಿಲ್ಲ.

ಇಂಥ ಕನ್ನಡಿಯಲ್ಲಿ ಸಡಿಲ ಆಗುವ ಜಾಗ ನಾಲ್ಕು ಉಂಟು. ಗಾಜು ಅದರ ಚಿಪ್ಪಿನ ಒಳಗೆ, ಚಿಪ್ಪು ರಾಡಿನ ತುದಿಯ ಗುಂಡಿನ ಮೇಲೆ, ರಾಡು ಬ್ರಾಕೆಟಿನ ಕ್ಲಾಂಪಿನಲ್ಲಿ, ಬ್ರಾಕೆಟ್ ಗಾಡಿಯ ಬಾಡಿಗೆ. ಗಾಡಿ ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಒಂದು ಕೈಯಲ್ಲಿ ಬ್ರಾಕೆಟನ್ನು ಗಟ್ಟಿ ಹಿಡ್ಕೊಳ್ಳಿ, ಇನ್ನೊಂದು ಕೈಯಲ್ಲಿ ರಾಡನ್ನು ಅಲ್ಲಾಡಿಸಿ. ಬ್ರಾಕೆಟ್ ಹಿಡಿದಾಗ ಅಲ್ಲಾಟ ನಿಂತ್ರೆ ದೋಷ ಬ್ರಾಕೆಟ್ ಮತ್ತು ಬಾಡಿ ನಡುವೆ. ನಿಲ್ಲದಿದ್ರೆ ಕೈಯನ್ನು ಸ್ವಲ್ಪ ಮೇಲೆ ತಂದು ಕ್ಲಾಂಪಿನ ಮೇಲೆ ರಾಡನ್ನು ಹಿಡೀರಿ, ಹಾಗೇ ಒಂದೊಂದು ಗಂಟು ಹಿಡಿದು ಮುಂದೆ ಹೋಗಿ. ಬೆರಳ ತುದಿಯನ್ನು ಎರಡು ಭಾಗ ಸೇರುವ ಗೆರೆಯ ಮೇಲೇ ಇಟ್ಟು ಅಲ್ಲಾಡಿಸಿದ್ರೆ, ಕಣ್ಣಿಗೆ ಕಾಣದ ಕೂದಲೆಳೆಯಷ್ಟು ಆಟ ಕೂಡ ಬೆರಳಿಗೆ ತಾಗ್ತದೆ. ಎರಡು ನಿಮಿಷದ ಕೆಲಸ, ಇದನ್ನು ಮಾಡದೆ ಸ್ಪ್ಯಾನರ್ ಮುಟ್ಟಬೇಡಿ ಅಂತ ನಾನು ಎಲ್ಲರಿಗೂ ಕೈಮುಗಿದು ಹೇಳುದು.

ಈಗ ನಿಮ್ಮ ಬಲದ ಕನ್ನಡಿ. 50 ದಾಟಿದ ಮೇಲೆ ಮಾತ್ರ ತಿರುಗುದು ಅಂದ್ರೆ ಅದು ಗಾಳಿಯ ಕೆಲಸ. ಗಾಳಿಯ ತಳ್ಳು ಸ್ಪೀಡಿನ ವರ್ಗಕ್ಕೆ ಸರಿಯಾಗಿ ಏರ್ತದೆ, 50ರಲ್ಲಿ ಇದ್ದದ್ದು 70ಕ್ಕೆ ಹೋಗುವಾಗ ಸುಮಾರು ಡಬಲ್. 15 ಸೆಂಟಿಮೀಟರ್ ಅಗಲ, 20 ಸೆಂಟಿಮೀಟರ್ ಎತ್ತರದ ಕನ್ನಡಿ ಅಂತ ಇಟ್ಕೊಳ್ಳಿ, 70ರಲ್ಲಿ ಅದರ ಮೇಲೆ ಮುಕ್ಕಾಲು ಕೆಜಿಯಷ್ಟು ಒತ್ತಡ ಬೀಳ್ತದೆ, ರಾಡಿನ ತುದಿಗೆ ಮುಕ್ಕಾಲು ಕೆಜಿ ಬಂಗುಡೆ ಕಟ್ಟಿ ನೇತು ಹಾಕಿದ ಹಾಗೆ. ಅದರ ಮೇಲೆ ಎದುರಿಂದ ಲಾರಿ ಬಂದ್ರೆ ಅದರ ಗಾಳಿ ಬೇರೆ. ರಾಡು ಉದ್ದ ಇದ್ದಷ್ಟೂ ಈ ಬಲ ಕ್ಲಾಂಪನ್ನು ಹೆಚ್ಚು ತಿರುಚ್ತದೆ. ಹಾಗಾಗಿ ಕ್ಲಾಂಪು ರಾಡನ್ನು ಸಮಾ ಕಚ್ಚಿ ಹಿಡೀಬೇಕು, ನಿಮ್ಮದರಲ್ಲಿ ಅದು ಹಿಡೀತಾ ಇಲ್ಲ.

ಯಾಕೆ ಹಿಡೀತಾ ಇಲ್ಲ ಅಂತ ನೋಡ್ಲಿಕ್ಕೆ ಕ್ಲಾಂಪಿನ ಎರಡು ಕಿವಿಗಳ ನಡುವೆ ಕಣ್ಣಿಡಿ. ಬೋಲ್ಟು ಬಿಗಿದಾಗ ಕಿವಿ ಎರಡೂ ಒಂದಕ್ಕೊಂದು ತಾಗಿ ಕೂತಿದ್ರೆ, ಆಮೇಲೆ ನೀವು ಎಷ್ಟು ಬಿಗಿದ್ರೂ ಬಲ ಹೋಗುದು ಕಿವಿಗೇ ಹೊರತು ರಾಡಿಗಲ್ಲ. ನಡುವೆ ಒಂದು ಬೆಳಕಿನ ಗೆರೆ ಕಾಣ್ಬೇಕು, ಅದು ಇದ್ರೆ ಮಾತ್ರ ಕ್ಲಾಂಪಿಗೆ ಹಿಡಿತ. 30 ವರ್ಷ ತಿರುಗಿಸಿ ತಿರುಗಿಸಿ ರಾಡು ಸವೆದಿರ್ತದೆ, ಒಳಗಿನ ತೂತು ದೊಡ್ಡದಾಗಿರ್ತದೆ, ಹಾಗಾಗಿ ಕಿವಿ ಕೂಡಿಕೊಂಡು ಬಿಡ್ತದೆ. ಇದಕ್ಕೆ ಎರಡು ದಾರಿ. ಕಿವಿಯ ಒಳಮುಖವನ್ನು ಅರದಲ್ಲಿ ಒಂದೊಂದು ಮಿಲಿಮೀಟರ್ ಉಜ್ಜಿ ತೆಗೀಬಹುದು, ಅಥವಾ ರಾಡಿಗೆ ತೆಳು ಹಿತ್ತಾಳೆ ತಗಡು ಒಂದು ಸುತ್ತು ಸುತ್ತಿ ಕ್ಲಾಂಪಿನಲ್ಲಿ ಕೂರಿಸ್ಬಹುದು. ತುಂಬ ಜನ ಸೈಕಲ್ ಟ್ಯೂಬಿನ ತುಂಡು ಸುತ್ತುತ್ತಾರೆ, ದಾರಿ ಮಧ್ಯೆ ತಿರುಗಿ ಹೋದ್ರೆ ಮನೆ ಮುಟ್ಲಿಕ್ಕೆ ಅದು ಅಡ್ಡಿಯಿಲ್ಲ, ನಾನೂ ಡ್ಯಾಶ್‌ಬೋರ್ಡಲ್ಲಿ ಒಂದು ತುಂಡು ಇಟ್ಟಿರ್ತೇನೆ, ಆದ್ರೆ ರಬ್ಬರ್ ಸ್ಪ್ರಿಂಗಿನ ಹಾಗೆ, ತಿರುಗುದು ನಿಲ್ಲಿಸಿ ಅದುರುದನ್ನು ಹೆಚ್ಚು ಮಾಡ್ತದೆ. ಕಾಯಂ ಕೆಲಸಕ್ಕೆ ತಗಡೇ ಒಳ್ಳೇದು. ಮತ್ತೆ ರಾಡಿಗೆ ಬಣ್ಣ ಬಳಿದಿದ್ರೆ ಕ್ಲಾಂಪು ಹಿಡಿಯುವ ಜಾಗದಲ್ಲಿ ಬಣ್ಣ ಕೆರೆದು ತೆಗೀರಿ, ದಪ್ಪ ಬಣ್ಣದ ಮೇಲೆ ಯಾವ ಕ್ಲಾಂಪೂ ನಿಲ್ಲುದಿಲ್ಲ.

ಬೋಲ್ಟು ಬದಲಿಸುವ ಮೊದಲು ಇದೊಂದು ನೋಡಿ. ಅಮೆರಿಕದ ವಿಲ್ಲಿಸ್ ಕಂಪೆನಿಯ ಮೂಲದ ಹಳೆ ಜೀಪುಗಳಲ್ಲಿ ಇಂಚು ಲೆಕ್ಕದ ಬೋಲ್ಟು ತುಂಬ ಇರ್ತದೆ, 5/16 ಇಂಚಿನ ಬೋಲ್ಟು 7.94 ಮಿಲಿಮೀಟರ್ ದಪ್ಪ, ನಮ್ಮ ಅಂಗಡಿಯ 8 ಮಿಲಿಮೀಟರ್ ಬೋಲ್ಟು ನೋಡ್ಲಿಕ್ಕೆ ಅದರ ಅವಳಿ. ಆದ್ರೆ ತಿರುಪು, ಅಂದ್ರೆ ಥ್ರೆಡ್, ಬೇರೆ. ಇಂಚಿನದ್ದರ ಸಣ್ಣ ತಿರುಪಿನಲ್ಲಿ ಇಂಚಿಗೆ 24 ಸುತ್ತು, ಅಂದ್ರೆ ಒಂದೊಂದು ಸುತ್ತಿಗೆ ಹೆಚ್ಚುಕಮ್ಮಿ 1.06 ಮಿಲಿಮೀಟರ್, 8 ಮಿಲಿಮೀಟರ್ ಬೋಲ್ಟಿನದ್ದು 1.25. ಒಂದಕ್ಕೆ ಇನ್ನೊಂದನ್ನು ಹಾಕಿದ್ರೆ ಎರಡು ಸುತ್ತು ಹೋಗ್ತದೆ, ಆಮೇಲೆ ಬಿಗಿ ಆಗ್ತದೆ, ಹಾಕಿದವರು ಟೈಟ್ ಆಯ್ತು ಅಂತ ಖುಷಿಯಲ್ಲಿ ಬಿಡ್ತಾರೆ, ನಿಜಕ್ಕೂ ಒಳಗೆ ತಿರುಪು ಹರಿದು ಹೋಗಿರ್ತದೆ. ನನ್ನ ಜೀಪಿಗೆ ಒಂದು ಗ್ಯಾರೇಜಲ್ಲಿ ಹೀಗೇ ಮಾಡಿ ಕೊಟ್ಟಿದ್ರು, ಪಡುಬಿದ್ರಿ ಹತ್ತಿರ ಮಳೆಯಲ್ಲಿ ಎಡಗನ್ನಡಿ ತಲೆ ತಗ್ಗಿಸಿ ರಸ್ತೆ ನೋಡ್ಲಿಕ್ಕೆ ಶುರು ಮಾಡಿತು, ನಾನು ಎಡಕ್ಕೆ ಎಳೆದಾಗ ಅಲ್ಲಿ ಒಂದು ಸ್ಕೂಟರ್ ಇತ್ತು, ಹಿಂದೆ ಒಂದು ಹುಡುಗಿ ರೈನ್‌ಕೋಟಲ್ಲಿ ಕೂತಿದ್ದಳು. ತಾಗ್ಲಿಲ್ಲ, ಒಂದು ಗೇಣು ಜಾಗ ಇತ್ತು. ಆ ಹುಡುಗಿಯ ಮುಖ ಈಗಲೂ ಕಣ್ಣಿಗೆ ಕಟ್ಟಿದ ಹಾಗೆ ಉಂಟು, ಕನ್ನಡಿ ವಿಷಯದಲ್ಲಿ ನಾನು ಇಷ್ಟು ಉದ್ದ ಬರೆಯುದು ಅದಕ್ಕೇ.

ಗುರುತು ಹಿಡಿಯುದು ಸುಲಭ. 13ರ ಸ್ಪ್ಯಾನರ್ ಬೋಲ್ಟಿನ ತಲೆಗೆ ಹೋಗ್ತದೆ ಆದ್ರೆ ಸ್ವಲ್ಪ ಲೊಡಲೊಡ ಅಂತದೆ ಅಂತಾದ್ರೆ ಅದು ಅರ್ಧ ಇಂಚಿನ ತಲೆ, ಅಂದ್ರೆ 5/16 ಬೋಲ್ಟು. ಹಳೆ ಬೋಲ್ಟನ್ನೇ ಅಂಗಡಿಗೆ ತಗೊಂಡು ಹೋಗಿ, ಹೊಸ ನಟ್ಟನ್ನು ಬರೀ ಬೆರಳಲ್ಲಿ ತಿರುಗಿಸಿ ನೋಡಿ, ಐದಾರು ಸುತ್ತು ಬೆರಳಲ್ಲೇ ಹೋದ್ರೆ ಜೋಡಿ ಸರಿ ಉಂಟು. ಬೆರಳಲ್ಲಿ ಹೋಗದ್ದನ್ನು ಸ್ಪ್ಯಾನರಿಂದ ದೂಡಬೇಡಿ.

ಈಗ ಎಡದ್ದು. ಅದುರುವ ಕನ್ನಡಿಗೆ ಮೊದಲು ಕೇಳ್ಬೇಕಾದ ಪ್ರಶ್ನೆ, ಯಾವಾಗ ಅದುರುದು? ನಿಂತಲ್ಲೇ ಐಡಲಿನಲ್ಲಿ ಅದುರಿ, ಆಕ್ಸಿಲರೇಟರ್ ಸ್ವಲ್ಪ ಒತ್ತಿದ ಕೂಡ್ಲೆ ಚಿತ್ರ ನಿಂತ್ರೆ ಅದು ಇಂಜಿನ್ನಿನ ಅದುರು. ನಾಲ್ಕು ಸಿಲಿಂಡರಿನ ಡೀಸೆಲ್ ಇಂಜಿನ್ 700 ಆರ್‌ಪಿಎಮ್‌ನಲ್ಲಿ ಸೆಕೆಂಡಿಗೆ 23 ಸಲ ಹೊಡೀತದೆ, ಉದ್ದ ರಾಡಿನ ತುದಿಯ ಕನ್ನಡಿಗೆ ಆ ತಾಳ ಹಿಡಿಸಿದ್ರೆ ಅದು ಕುಣೀತದೆ, ತಾಳ ಬದಲಾದ್ರೆ ನಿಲ್ತದೆ. ಇಂಥದ್ದಕ್ಕೆ ಇಂಜಿನ್ ಮೌಂಟಿನ ರಬ್ಬರ್ ನೋಡಿ, ಗಟ್ಟಿಯಾಗಿ ಬಿರುಕು ಬಿಟ್ಟಿದ್ರೆ ಕನ್ನಡಿ ಎಷ್ಟು ಬಿಗಿದ್ರೂ ಪ್ರಯೋಜನ ಇಲ್ಲ. ನಿಂತಾಗ ಸರಿ ಇದ್ದು 60ರ ಹತ್ತಿರ ಅದುರಿ, 75ಕ್ಕೆ ಹೋದಾಗ ಕಮ್ಮಿ ಆಗ್ತದೆ ಅಂತಾದ್ರೆ ಟಯರಿನ ಕಡೆ ಹೋಗಿ. ಜೀಪಿನ ಚಕ್ರ 60ರಲ್ಲಿ ಸೆಕೆಂಡಿಗೆ ಎಂಟು ಸುತ್ತಿನ ಹತ್ತಿರ ತಿರುಗ್ತದೆ, ಬ್ಯಾಲೆನ್ಸ್ ಇಲ್ಲದಿದ್ರೆ, ಅಥವಾ ರಿಮ್ಮಿನ ಒಳಗೆ ಗದ್ದೆಯ ಕೆಸರು ಒಣಗಿ ಅಂಟಿಕೊಂಡಿದ್ರೆ, ಅಷ್ಟೇ ಸಲ ಗಾಡಿಯನ್ನು ಎತ್ತಿ ಹಾಕ್ತದೆ. ಕೆಸರು ಕೆರೆದು ತೆಗೆದದ್ದರಿಂದಲೇ ಕನ್ನಡಿ ಸರಿ ಆದದ್ದು ನಾನು ನೋಡಿದ್ದೇನೆ. ಯಾವ ಸ್ಪೀಡಲ್ಲೂ, ಸಣ್ಣ ಹೊಂಡಕ್ಕೂ ಅದುರ್ತದೆ ಅಂತಾದ್ರೆ ಮಾತ್ರ ಕನ್ನಡಿಯ ಗಂಟುಗಳಿಗೆ ಬನ್ನಿ. ನೀವು ಯಾವಾಗ್ಲೂ ಅದುರ್ತದೆ ಅಂದದ್ದರಿಂದ ನನ್ನ ಸಂಶಯ ಬ್ರಾಕೆಟ್ ಅಡಿಯ ತುಕ್ಕಿನ ಮೇಲೆ.

ನಮ್ಮ ಊರಲ್ಲಿ ಇದೇ ದೊಡ್ಡ ವಿಷಯ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮೇಲೆ ಮಳೆ, ಮಳೆ ಇಲ್ಲದಾಗ ಕಡಲಿನ ಉಪ್ಪುಗಾಳಿ. ಬ್ರಾಕೆಟಿನ ಅಡಿಗೆ ನೀರು ಹೋಗ್ತದೆ, ಹೊರಗೆ ಒಣಗಿದ್ರೂ ಅಲ್ಲಿ ಒಣಗುದಿಲ್ಲ, ಉಪ್ಪು ಸೇರಿದ್ರೆ ಕೇಳುದೇ ಬೇಡ. ತುಕ್ಕು ಅಂದ್ರೆ ಕಬ್ಬಿಣ ಉಬ್ಬಿದ್ದು, ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು ಅದಕ್ಕೆ, ಆದ್ರೆ ಶಕ್ತಿ ಇಲ್ಲ, ಹಪ್ಪಳದ ಹಾಗೆ ಪುಡಿ ಆಗ್ತದೆ. ಬೋಲ್ಟು ಹಿಡಿದು ನಿಲ್ಲುದು ಅದು ಬಿಗಿದಾಗ ಒಂದು ಚೂರು ಎಳೆದುಕೊಂಡು ರಬ್ಬರ್ ಬ್ಯಾಂಡಿನ ಹಾಗೆ ಎರಡು ಕಡೆಯನ್ನೂ ಒತ್ತುದರಿಂದ. ನಡುವೆ ತುಕ್ಕಿನ ಪದರ ಇದ್ರೆ ಬಿಗಿದ ದಿನ ಗಟ್ಟಿ, ನಾಲ್ಕು ದಿನ ಓಡಿದ ಮೇಲೆ ಆ ಪದರ ಪುಡಿ ಆಗಿ ಆ ಎಳೆತ ಹೋಗ್ತದೆ. ನಿಮ್ಮ ವಾರದ ಲೆಕ್ಕ ಇದೇ ಇರ್ಬೇಕು. ಹೊಸ ಪೈಂಟ್ ಹೊಡೆಸಿದ ಗಾಡಿಯಲ್ಲೂ ಹೀಗೇ ಆಗ್ತದೆ, ಬ್ರಾಕೆಟ್ ಅಡಿಯಲ್ಲಿ ಪುಟ್ಟಿ ಹಾಕಿ ಅದರ ಮೇಲೆ ಬಿಗಿದಿರ್ತಾರೆ, ಪುಟ್ಟಿ ಒಡೀತದೆ, ಬೋಲ್ಟು ಸಡಿಲ.

ಹಾಗಾಗಿ ಬ್ರಾಕೆಟ್ ಪೂರ್ತಿ ಬಿಚ್ಚಿ. ಬಿಚ್ಚುವ ಹಿಂದಿನ ರಾತ್ರಿ ಡಬ್ಲ್ಯುಡಿ-40ಯೋ ಬೇರೆ ಯಾವುದೋ ತುಕ್ಕು ಬಿಡಿಸುವ ಎಣ್ಣೆ ಹಾಕಿ ಬಿಡಿ, ಬೆಳಿಗ್ಗೆ ಇನ್ನೊಮ್ಮೆ ಹಾಕಿ. ಬೋಲ್ಟಿನ ತಲೆಗೆ ಸುತ್ತಿಗೆಯಲ್ಲಿ ಮೆಲ್ಲ ನಾಲ್ಕು ಪೆಟ್ಟು ಕೊಡಿ, ಮೊದಲು ಬಿಗಿಯುವ ಕಡೆಗೆ ಒಂದು ಕೂದಲಷ್ಟು, ಆಮೇಲೆ ಬಿಚ್ಚುವ ಕಡೆಗೆ, ಹೀಗೆ ಹಿಂದೆ ಮುಂದೆ ಮಾಡಿದ್ರೆ ತುಕ್ಕು ಪುಡಿಯಾಗಿ ದಾರಿ ಕೊಡ್ತದೆ. ಗಡಿಬಿಡಿ ಮಾಡಿದ್ರೆ ತಲೆ ತುಂಡಾಗಿ ಕೈಗೆ ಬರ್ತದೆ.

ಬಿಚ್ಚಿದ ಮೇಲೆ ಒಮ್ಮೆ ಸರಿಯಾಗಿ ನೋಡಿ. ಬಣ್ಣದ ಗುಳ್ಳೆಯನ್ನು ಸ್ಕ್ರೂಡ್ರೈವರ್ ಮೊನೆಯಲ್ಲಿ ಕುಕ್ಕಿದ್ರೆ ಕೆಂಪು ಹುಡಿ ಉದುರ್ತದೆ, ಹುಡಿಯ ಅಡಿಯಲ್ಲಿ ಹೊಳೆಯುವ ಕಬ್ಬಿಣ ಸಿಕ್ಕಿದ್ರೆ ನೀವು ಪುಣ್ಯವಂತರು. ಮೊನೆ ಒಳಗೇ ಹೋದ್ರೆ ತಗಡು ಹೋಗಿದೆ, ಅದನ್ನು ಬಾಡಿ ಕೆಲಸದವರಿಂದ ಹೊಸ ತಗಡು ಹಾಕಿಸಿಯೇ ಮುಂದಿನದ್ದು. ಕಬ್ಬಿಣ ಗಟ್ಟಿ ಇದ್ರೆ ತಂತಿ ಬ್ರಶ್ಶು, ಆಮೇಲೆ 80ರ ಎಮೆರಿ ಪೇಪರ್, ಬಿಳಿ ಕಬ್ಬಿಣ ಕಾಣುವವರೆಗೆ. ಮೂಲೆಯಲ್ಲಿ ಉಳಿದ ತುಕ್ಕಿಗೆ ಫಾಸ್ಫರಿಕ್ ಆಸಿಡ್ ಇರುವ ರಸ್ಟ್ ಕನ್ವರ್ಟರ್, ಗ್ಲೌಸ್ ಹಾಕಿಯೇ. ಒಣಗಿದ ಮೇಲೆ ಝಿಂಕ್ ಪ್ರೈಮರ್ ತೆಳ್ಳಗೆ ಎರಡು ಕೋಟು, ಮೇಲೆ ಪೈಂಟು. ಒಣಗ್ಲಿಕ್ಕೆ ಡಬ್ಬದಲ್ಲಿ ಬರೆದ ಹೊತ್ತನ್ನು ನಂಬಬೇಡಿ, ಅದು ನಮ್ಮ ಜುಲೈಯ ಹವೆ ನೋಡಿ ಬರೆದದ್ದಲ್ಲ, ಎರಡು ದಿನ ಬಿಡಿ. ಬ್ರಾಕೆಟ್ ಮತ್ತು ಬಾಡಿ ನಡುವೆ ಒಂದು ಮಿಲಿಮೀಟರ್ ದಪ್ಪದ ಗಟ್ಟಿ ರಬ್ಬರ್ ಶೀಟನ್ನು ಬ್ರಾಕೆಟಿನ ಆಕಾರಕ್ಕೆ ಕತ್ತರಿಸಿ ಇಡಿ. ದಪ್ಪ ಮೆತ್ತನೆ ರಬ್ಬರ್ ಬೇಡವೇ ಬೇಡ, ಕನ್ನಡಿ ತೊಟ್ಟಿಲಿನ ಹಾಗೆ ತೂಗ್ತದೆ.

ಬೋಲ್ಟಿಗೆ ನಾನು ಮಲ್ಪೆಗೆ ಹೋಗುದು. ಬಂದರಿನ ಹತ್ತಿರ ಬೋಟಿನವರಿಗೆ ಸಾಮಾನು ಕೊಡುವ ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿ, ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ ಇರುವಾಗ ಬೋಟುಗಳನ್ನು ದಡದಲ್ಲಿಟ್ಟು ರಿಪೇರಿ ಮಾಡುವ ಕಾಲ, ಕಡಲ ನೀರಿಗೆ ಯಾವ ಬೋಲ್ಟು ನಿಲ್ತದೆ ಅಂತ ಅವರಿಗಿಂತ ಚೆನ್ನಾಗಿ ಗೊತ್ತಿರುವವರು ಯಾರೂ ಇಲ್ಲ. ಸ್ಟೇನ್‌ಲೆಸ್ ಸ್ಟೀಲಿನ ಬೋಲ್ಟಿನ ತಲೆಯಲ್ಲಿ ಎ2 ಅಂತ ಒತ್ತಿದ್ರೆ ಅದು 304ರ ಜಾತಿ, ಎ4 ಅಂತ ಇದ್ರೆ 316, ಅದರಲ್ಲಿ 2ರಿಂದ 3 ಶೇಕಡಾ ಮಾಲಿಬ್ಡಿನಮ್ ಇರ್ತದೆ, ಉಪ್ಪಿಗೆ ತಡೆ ಕೊಡುದು ಅದೇ. ಕನ್ನಡಿಗೆ ಬೇಕಾದ ನಾಲ್ಕಾರು ಬೋಲ್ಟಿಗೆ ರೇಟಿನ ವ್ಯತ್ಯಾಸ ನೋಡ್ಬೇಡಿ, 316 ತಗೊಳ್ಳಿ. ಇಂಚಿನ ಅಳತೆಯಲ್ಲಿ ಅದು ಸಿಕ್ಕದಿದ್ರೆ ಆರ್ಪಾರ್ ಹೋಗುವ ಬೋಲ್ಟಿನ ಜಾಗಕ್ಕೆ 8 ಮಿಲಿಮೀಟರಿನ ಬೋಲ್ಟು ನಟ್ಟು ಎರಡನ್ನೂ ಜೋಡಿಯಾಗಿ ಬದಲಿಸ್ಬಹುದು, ತೂತನ್ನು ಅರದಲ್ಲಿ ಒಂಚೂರು ಬಿಡಿಸ್ಬೇಕಾಗ್ಬಹುದು, ಅಷ್ಟೆ. ಬಾಡಿಯಲ್ಲೇ ತಿರುಪು ಕೊರೆದ ಜಾಗದಲ್ಲಿ ಹಾಗೆ ಮಾಡ್ಲಿಕ್ಕಾಗುದಿಲ್ಲ. ಸ್ಟೀಲಿಗೆ ಸ್ಟೀಲ್ ನಟ್ಟು ಹಾಕುವಾಗ ತಿರುಪಿಗೆ ಸ್ವಲ್ಪ ಗ್ರೀಸ್ ಹಚ್ಚದಿದ್ರೆ ಒಂದಕ್ಕೊಂದು ಕಚ್ಚಿಕೊಂಡು ಬಿಚ್ಚಲಿಕ್ಕೇ ಬರುದಿಲ್ಲ.

ಮತ್ತೆ ವಾಶರ್ ವಿಷಯ. ಎಲ್ಲರೂ ಸ್ಪ್ರಿಂಗ್ ವಾಶರ್ ಹಾಕಿ ಆಯ್ತು ಅಂತಾರೆ. ಜರ್ಮನಿಯ ಗೆರ್ಹಾರ್ಡ್ ಯುಂಕರ್ ಅನ್ನುವ ಇಂಜಿನಿಯರ್ 1969ರಲ್ಲೇ ತೋರಿಸಿಕೊಟ್ಟಿದ್ದಾರೆ, ಬೋಲ್ಟಿಗೆ ಅಡ್ಡಕ್ಕೆ ಅದುರು ಬಿದ್ದು ಎರಡು ಭಾಗ ಒಂದರ ಮೇಲೊಂದು ಜಾರಿದ್ರೆ ನಟ್ಟು ತಾನಾಗಿ ಬಿಚ್ಚಿಕೊಳ್ತದೆ ಅಂತ. ಕನ್ನಡಿ ಬ್ರಾಕೆಟಿಗೆ ಬೀಳುದು ಸರಿಯಾಗಿ ಇಂಥದ್ದೇ ಅದುರು, ಅದರ ಎದುರು ಸ್ಪ್ರಿಂಗ್ ವಾಶರ್ ಹೆಚ್ಚೇನೂ ಮಾಡುದಿಲ್ಲ. ಒಳಗೆ ನೈಲಾನ್ ಬಳೆ ಇರುವ ನೈಲಾಕ್ ನಟ್ಟು ಹಾಕಿ, ಒಮ್ಮೆ ಬಿಚ್ಚಿದ್ದನ್ನು ಪುನಃ ಹಾಕ್ಬೇಡಿ. ಕನ್ನಡಿ ಮಡಚುವ ಗಂಟಿಗಂತೂ ಇದೇ ಬೇಕು, ಪೂರ್ತಿ ಬಿಗಿಯದೆ ಅರೆಬಿಗಿಯಲ್ಲಿ ಬಿಟ್ರೂ ಅದು ಅಲ್ಲೇ ನಿಲ್ತದೆ. ಬಾಡಿಯಲ್ಲೇ ತಿರುಪು ಇದ್ದು ನಟ್ಟಿಗೆ ಜಾಗ ಇಲ್ಲದಿದ್ರೆ ಅಲ್ಲಿ ಗ್ರೀಸ್ ಬೇಡ, ತಿರುಪು ಬಿಚ್ಚದ ಹಾಗೆ ಹಿಡಿಯುವ ಅಂಟು, ನೀಲಿ ಬಣ್ಣದ ಥ್ರೆಡ್‌ಲಾಕರ್, ಎರಡು ಹನಿ, ತಿರುಪಿನಲ್ಲಿ ಎಣ್ಣೆ ಪಸೆ ಇರ್ಬಾರ್ದು. ಕೆಂಪು ಥ್ರೆಡ್‌ಲಾಕರ್ ಬೇಡ, ಬಿಚ್ಚಲಿಕ್ಕೆ 250 ಡಿಗ್ರಿ ಬಿಸಿ ಮಾಡ್ಬೇಕಾಗ್ತದೆ, ಆಗ ನಿಮ್ಮ ಹೊಸ ಪೈಂಟ್ ಎಲ್ಲ ಹೋಯ್ತು.

ವೆಲ್ಡ್ ಯಾಕೆ ಬೇಡ ಅಂತ ಈಗ. ಸೈಡ್ ಕನ್ನಡಿ ಪೆಟ್ಟು ಬಿದ್ದಾಗ ಮಡಚಬೇಕು. ಉಡುಪಿಯ ರಥಬೀದಿ ಹತ್ತಿರದ ಓಣಿಯಲ್ಲೋ ಮಂಗಳೂರಿನ ಬಂದರಿನ ಇಕ್ಕಟ್ಟಿನಲ್ಲೋ ನಡೆದು ಹೋಗುವವರ ಭುಜಕ್ಕೆ ತಾಗಿದ್ರೆ ಮಡಚುವ ಕನ್ನಡಿ ಮಡಚ್ತದೆ, ವೆಲ್ಡ್ ಹೊಡೆದದ್ದು ಅವರ ಎಲುಬು ಮುರೀತದೆ. ಲಾರಿಗೆ ತಾಗಿದ್ರೆ ವಿಂಡ್‌ಶೀಲ್ಡ್ ಫ್ರೇಮನ್ನೇ ಬಗ್ಗಿಸ್ತದೆ. ಅದರ ಮೇಲೆ ವೆಲ್ಡಿನ ಬಿಸಿಗೆ ಒಳಗಡೆಯ ಬಣ್ಣ ಸುಟ್ಟು, ಕಾಣದ ಕಡೆಯಿಂದ ತುಕ್ಕು ಶುರು ಆಗ್ತದೆ, ಮೂರು ಮಳೆಗಾಲ ಕಳೆಯುವಾಗ ವೆಲ್ಡಿನ ಸುತ್ತ ತಗಡೇ ಹರಿದು ಬರ್ತದೆ. ಅಪ್ಪ ತಗೊಂಡ ಗಾಡಿ ಅಂತೀರಿ, ಅದಕ್ಕೆ ಹೀಗೆ ಮಾಡ್ಬೇಡಿ.

ಎಲ್ಲ ಬಿಗಿದಾದ ಮೇಲೆ ನಟ್ಟಿನಿಂದ ಬ್ರಾಕೆಟಿಗೆ ಸೇರುವ ಹಾಗೆ ನೈಲ್ ಪಾಲಿಶಿನಲ್ಲಿ ಒಂದು ಗೆರೆ ಎಳೀರಿ. ಗೆರೆ ಎರಡು ತುಂಡಾಗಿ ಕಂಡ್ರೆ ನಟ್ಟು ತಿರುಗಿದೆ ಅಂತ ನಿಂತಲ್ಲೇ ಗೊತ್ತಾಗ್ತದೆ. ನೂರು ಕಿಲೋಮೀಟರ್ ಓಡಿಸಿ ಒಮ್ಮೆ ಪುನಃ ಸ್ಪ್ಯಾನರ್ ಇಟ್ಟು ನೋಡಿ, ಹೊಸ ಪೈಂಟ್ ಸ್ವಲ್ಪ ಕೂತಿರ್ತದೆ. ಆಮೇಲೆ ಸೀಟಲ್ಲಿ ನೀವು ಓಡಿಸುವ ಹಾಗೆಯೇ ಕೂತು ಕನ್ನಡಿ ಹೊಂದಿಸಿ, ಒಳ ಅಂಚಿನಲ್ಲಿ ನಿಮ್ಮ ಜೀಪಿನ ಬದಿ ಒಂದು ಸಣ್ಣ ಪಟ್ಟಿಯಷ್ಟು ಕಂಡ್ರೆ ಸಾಕು.

ಪ್ರಶ್ನೆ: ನಂದು ಮಾರುತಿ ಜಿಪ್ಸಿ. ಕನ್ನಡಿ ಬಾಗಿಲಿಗೆ ಕೂತದ್ದು, ಸ್ಕ್ರೂ ಎಲ್ಲ ಟೈಟ್ ಉಂಟು, ಆದ್ರೂ ಅಲ್ಲಾಡ್ತದೆ. ಗಾಜು ಕೂಡ ಚಿಪ್ಪಿನಿಂದ ಬಿಡ್ತಾ ಉಂಟು, ಅಂಚು ಕಪ್ಪಾಗಿದೆ. ಫೆವಿಕ್ವಿಕ್ ಹಾಕಿ ಅಂಟಿಸಿದೆ, ನಿಲ್ಲಲಿಲ್ಲ.
— ಸುರತ್ಕಲ್‌ನಿಂದ

ಉತ್ತರ: ಸ್ಕ್ರೂ ಟೈಟ್ ಇದ್ದೂ ಅಲ್ಲಾಡ್ತದೆ ಅಂದ್ರೆ ಬಾಗಿಲು ನೋಡಿ. ಬಾಗಿಲು ಅರ್ಧ ತೆಗೆದು ಕೆಳಗಿಂದ ಎರಡು ಕೈಯಲ್ಲಿ ಮೇಲೆ ಎತ್ತಿ, ಟಕ್ ಅಂತ ಆಟ ಸಿಕ್ಕಿದ್ರೆ ಹಿಂಜಿನ ಪಿನ್ ಸವೆದಿದೆ. ಬಾಗಿಲು ಮುಚ್ಚಿ ಹೊರಗಿಂದ ಒತ್ತಿದಾಗ ಒಳಗೆ ಹೋಗಿ ಬಂದ್ರೆ ಬೀಡಿಂಗ್ ರಬ್ಬರ್ ಚಪ್ಪಟೆಯಾಗಿದೆ, ಅಥವಾ ಲಾಕಿನ ಸ್ಟ್ರೈಕರ್ ಸರಿದಿದೆ. ಬಾಗಿಲು ಅಲ್ಲಾಡಿದ್ರೆ ಕನ್ನಡಿ ಅಲ್ಲಾಡದೆ ಎಂತ ಮಾಡ್ತದೆ. ಅದೂ ಸರಿ ಇದ್ರೆ ಕನ್ನಡಿ ಕೂತ ಜಾಗದ ತಗಡನ್ನು ಬೆರಳಲ್ಲಿ ಒತ್ತಿ, ತಗಡೇ ಬಗ್ಗಿ ಬಂದ್ರೆ ಬಾಗಿಲಿನ ಒಳಗಡೆಯಿಂದ ಎರಡು ಮಿಲಿಮೀಟರ್ ದಪ್ಪದ ಸಣ್ಣ ಪ್ಲೇಟು ಕೊಟ್ಟು ಅದಕ್ಕೆ ಸೇರಿಸಿ ಬಿಗಿದ್ರೆ ಬಲ ಹಂಚಿ ಹೋಗ್ತದೆ. ಸ್ಕ್ರೂ ಬಿಚ್ಚುವಾಗ ಸ್ಟಾರ್ ಸ್ಕ್ರೂಡ್ರೈವರ್ ಸರಿ ಸೈಜಿನದ್ದೇ ಇರ್ಲಿ, ಸಣ್ಣದು ಹಾಕಿ ತಿರುಗಿಸಿದ್ರೆ ತಲೆ ಉರುಟಾಗಿ ಮತ್ತೆ ಡ್ರಿಲ್ಲೇ ಗತಿ.

ಗಾಜಿಗೆ ಫೆವಿಕ್ವಿಕ್ ಯಾಕೆ ನಿಲ್ಲುದಿಲ್ಲ ಅಂದ್ರೆ ಅದು ಒಣಗಿದ ಮೇಲೆ ಗಟ್ಟಿ, ಬಗ್ಗುದಿಲ್ಲ, ಅದುರಿಗೆ ಬಿರುಕು ಬಿಡ್ತದೆ. ಸಿಲಿಕಾನ್ ಹಾಕಿ, ಆದ್ರೆ ಯಾವ ಸಿಲಿಕಾನ್ ಅಂತ ನೋಡಿ. ವಿನೆಗರಿನ ವಾಸನೆ ಬರುವಂಥದ್ದು ಒಣಗುವಾಗ ಅಸೆಟಿಕ್ ಆಸಿಡ್ ಬಿಡ್ತದೆ, ಅದು ಕನ್ನಡಿ ಹಿಂದಿನ ಲೇಪವನ್ನೇ ತಿಂದು ಕಪ್ಪು ಕಲೆ ಮಾಡ್ತದೆ, ಲೋಹದ ಚಿಪ್ಪಿಗೆ ತುಕ್ಕೂ ತರ್ತದೆ. ಟ್ಯೂಬಿನ ಮೇಲೆ ನ್ಯೂಟ್ರಲ್ ಅಂತ ಬರೆದದ್ದನ್ನೇ ಕೇಳಿ ತಗೊಳ್ಳಿ. ಹಳೆ ಅಂಟು ಬ್ಲೇಡಲ್ಲಿ ಕೆರೆದು, ಸ್ಪಿರಿಟಲ್ಲಿ ಒರೆಸಿ, ಐದಾರು ಬೊಟ್ಟು ಸಿಲಿಕಾನ್ ಹಾಕಿ ಗಾಜು ಒತ್ತಿ, ಟೇಪ್ ಹಾಕಿ ಒಂದು ದಿನ ಬಿಡಿ. ಅಂಚು ಕಪ್ಪಾಗುದು ಉಪ್ಪು ನೀರು ಲೇಪದ ಅಡಿಗೆ ನುಗ್ಗಿದ್ದರಿಂದ, ಆದದ್ದು ವಾಪಸ್ ಬರುದಿಲ್ಲ, ಹೊಸ ಗಾಜು ಹಾಕುವಾಗ ಅಂಚಿಗೆ ಸುತ್ತ ಪಾರದರ್ಶಕ ವಾರ್ನಿಶ್ ಒಂದು ಕೋಟು ಎಳೆದು ಕೂರಿಸಿದ್ರೆ ತುಂಬ ವರ್ಷ ಬರ್ತದೆ. ಚಿಪ್ಪಿನ ಅಡಿಯಲ್ಲಿ ನೀರು ಹೋಗುವ ತೂತು ಕೆಂಪು ಮಣ್ಣಿನಿಂದ ಮುಚ್ಚಿರ್ತದೆ, ಕಡ್ಡಿ ಹಾಕಿ ಬಿಡಿಸಿ. ತೂತೇ ಇಲ್ಲದಿದ್ರೆ 4 ಮಿಲಿಮೀಟರ್ ಡ್ರಿಲ್ಲಲ್ಲಿ ಒಂದು ಕೊರೀರಿ, ಗಾಜು ತೆಗೆದಿಟ್ಟೇ.

ಪ್ರಶ್ನೆ: ಕನ್ನಡಿಯ ಬಾಲ್ ಜಾಯಿಂಟ್ ಲೂಸ್ ಆಗಿ ಹೊಂಡಕ್ಕೆ ಬಿದ್ದಾಗೆಲ್ಲ ತಲೆ ತಗ್ಗಿಸ್ತದೆ. ಬರೀ ಅದಕ್ಕೆ ಹೊಸ ಕನ್ನಡಿ ತಗೊಳ್ಬೇಕಾ?
— ಕಾರ್ಕಳ

ಉತ್ತರ: ಹೆಚ್ಚಾಗಿ ಬೇಡ. ಗುಂಡಿನ ಹಿಂದೆ ಸ್ಪ್ರಿಂಗ್ ಮತ್ತು ನಟ್ಟು ಇರುವ ಜಾತಿಯಾದ್ರೆ ಗಾಜು ತೆಗೆದ್ರೆ ನಟ್ಟು ಕಾಣ್ತದೆ, ಅರ್ಧ ಅರ್ಧ ಸುತ್ತು ಬಿಗಿದು ನೋಡ್ತಾ ಹೋಗಿ. ಗುಂಡು ನುಣ್ಣಗೆ ಪಾಲಿಶ್ ಆದ ಹಾಗೆ ಹೊಳೀತಾ ಇದ್ರೆ 120ರ ಎಮೆರಿ ಪೇಪರಲ್ಲಿ ಎಲ್ಲ ಕಡೆ ಒಂದೇ ಹದದಲ್ಲಿ ಉಜ್ಜಿ, ಒರಟಾದ್ರೆ ಹಿಡಿತ ಬರ್ತದೆ. ಕಿರ್ ಅಂತ ಶಬ್ದ ಬರ್ತದೆ ಅಂತ ಎಣ್ಣೆ ಮಾತ್ರ ಹಾಕ್ಬೇಡಿ, ಆ ಗಂಟು ನಿಂತಿರುದೇ ಉಜ್ಜಾಟದಿಂದ. ಗುಂಡು ಉರುಟು ಹೋಗಿ ಮೊಟ್ಟೆ ಆಕಾರ ಆಗಿದ್ರೆ, ಅಥವಾ ಗುಂಡು ಕೂರುವ ಪ್ಲಾಸ್ಟಿಕ್ ಗುಂಡಿಯೇ ಸೀಳಿದ್ರೆ ಆಗ ಹೊಸತು.

ಪ್ರಶ್ನೆ: ಆಫ್‌ರೋಡ್ ಹೋಗುವಾಗ ಜೀಪಿನ ಬಾಗಿಲು ತೆಗೆದಿಡ್ತೇವೆ, ಕನ್ನಡಿಯೂ ಬಾಗಿಲ ಜೊತೆ ಹೋಗ್ತದೆ. ವಾಪಸ್ ಬರುವಾಗ ಮೇನ್ ರೋಡಲ್ಲಿ ಕನ್ನಡಿ ಇಲ್ಲದೆ ಬರ್ಬಹುದಾ?
— ಮಣಿಪಾಲದ ವಿದ್ಯಾರ್ಥಿ

ಉತ್ತರ: ಬರ್ಬೇಡಿ. ಬೆಟ್ಟದ ದಾರಿಯಲ್ಲಿ ಹಿಂದೆ ಯಾರೂ ಇಲ್ಲ, ಮಣಿಪಾಲದ ಇಳಿಜಾರಲ್ಲಿ ಎಡಕ್ಕೂ ಬಲಕ್ಕೂ ಬೈಕುಗಳೇ. ಬಾಗಿಲ ಹಿಂಜಿನ ಬೋಲ್ಟಿಗೇ ಕೂರುವ ಸಣ್ಣ ಬ್ರಾಕೆಟ್ ಲೇತ್ ಕೆಲಸದವರ ಹತ್ರ ಮಾಡಿಸಿ, ನಾಲ್ಕೈದು ಮಿಲಿಮೀಟರ್ ಪಟ್ಟಿ ಕಬ್ಬಿಣ ಸಾಕು, ರಾಡು ಆದಷ್ಟು ಗಿಡ್ಡ ಇರ್ಲಿ. ಎಡದ ಕಡೆಗೆ ಉಬ್ಬುಗಾಜು ಹಾಕಿದ್ರೆ ಹೆಚ್ಚು ಜಾಗ ಕಾಣ್ತದೆ, ಆದ್ರೆ ಅದರಲ್ಲಿ ಹಿಂದಿನ ಗಾಡಿ ಇದ್ದದ್ದಕ್ಕಿಂತ ದೂರ ಇದ್ದ ಹಾಗೆ ತೋರ್ತದೆ, ಅಭ್ಯಾಸ ಆಗುವವರೆಗೆ ಒಂದು ವಾರ ಕತ್ತು ತಿರುಗಿಸಿಯೂ ನೋಡಿ.

ಪ್ರಶ್ನೆ: ಕನ್ನಡಿ ಅದುರುದಕ್ಕೆ ರಾಡಿನ ಒಳಗೆ ಮರಳು ತುಂಬಿಸಿದ್ರೆ ಸರಿ ಆಗ್ತದೆ ಅಂತ ಒಬ್ರು ಹೇಳಿದ್ರು, ನಿಜವಾ?
— ಕಾಪು

ಉತ್ತರ: ರಾಡು ಪೈಪಿನ ಹಾಗೆ ಟೊಳ್ಳಾಗಿದ್ರೆ ಸ್ವಲ್ಪ ನಿಜ, ಮರಳಿನ ಕಾಳು ಒಂದಕ್ಕೊಂದು ಉಜ್ಜಿ ಅದುರನ್ನು ನುಂಗ್ತದೆ. ಆದ್ರೆ ತೂಕ ಹೆಚ್ಚಾಗಿ ಕ್ಲಾಂಪಿಗೆ ಹೊರೆ, ಮತ್ತೆ ಕಾಪು ಬೀಚಿನ ಮರಳು ತಂದು ತುಂಬಿಸಿದ್ರೆ ಅದರ ಉಪ್ಪಿಗೆ ಪೈಪು ಒಳಗಿಂದಲೇ ತುಕ್ಕು ಹಿಡೀತದೆ. ಅದಕ್ಕಿಂತ ರಾಡನ್ನೇ ಎರಡಿಂಚು ಗಿಡ್ಡ ಮಾಡಿಸಿ ನೋಡಿ. ಹಾಗೆ ಮಾಡುವ ಮೊದಲು ಸೀಟಲ್ಲಿ ಕೂತು, ಇನ್ನೊಬ್ಬರಿಗೆ ಕನ್ನಡಿಯನ್ನು ಒಳಗೆ ಹಿಡೀಲಿಕ್ಕೆ ಹೇಳಿ, ಹಿಂದಿನ ರಸ್ತೆ ಪೂರ್ತಿ ಕಾಣ್ತದಾ ಅಂತ ಪರೀಕ್ಷೆ ಮಾಡಿ, ಟಾಪಿನ ಕ್ಯಾನ್ವಾಸು ಅಡ್ಡ ಬಂದ್ರೆ ಕತ್ತರಿಸ್ಬೇಡಿ.